ಕತ್ತಿನ ರಕ್ತನಾಳಕ್ಕೆ ಸೂಜಿಯಿಲ್ಲದ ಸ್ಕ್ಯಾನ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಗಂಟಲಿನ ಒಂದು ಪಕ್ಕಕ್ಕೆ ಮಾತ್ರ ಎರಡು ಬೆರಳು ಮೆಲ್ಲಗೆ ಇಟ್ಟು ನೋಡಿ. ಅಲ್ಲಿ ಮಿಡಿಯುತ್ತಿರುವುದು ಕೆರೋಟಿಡ್ ಧಮನಿ. ಎಡಕ್ಕೊಂದು, ಬಲಕ್ಕೊಂದು, ಮೆದುಳಿನ ರಕ್ತದ ಬಹುಪಾಲು ಇವೆರಡರಲ್ಲೇ ಹೋಗುತ್ತದೆ. ಒಳಗೋಡೆಗೆ ಕೊಬ್ಬು ಕಟ್ಟಿ ದಾರಿ ಕಿರಿದಾದರೆ, ಅಲ್ಲಿಂದ ಕಿತ್ತ ಚೂರೊಂದು ಮೆದುಳಿಗೇರಿ ಲಕ್ವ ಹೊಡೆಯಬಹುದು.

ಈ ನಾಳ ಸ್ಪಷ್ಟವಾಗಿ ಕಾಣಲೆಂದು ಎಂಆರ್‌ಐ ಮಾಡುವಾಗ ಎಷ್ಟೋ ಸಲ ಗ್ಯಾಡೋಲಿನಿಯಂ ಎಂಬ ಲೋಹವಿರುವ ಔಷಧ ಚುಚ್ಚುತ್ತಾರೆ. ಅದನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ತೀರ ಸೋತವರಲ್ಲಿ ಇಂಥ ಕೆಲವು ಔಷಧಗಳಿಂದ ಚರ್ಮವೂ ಒಳಾಂಗಗಳೂ ಗಟ್ಟಿಯಾಗುವ ಕಾಯಿಲೆ ಬರಬಹುದೆಂದು 2006ರಲ್ಲಿ ತಿಳಿಯಿತು. ಇಂದಿನ ಔಷಧಗಳಲ್ಲಿ ಆ ಅಪಾಯ ಬಹಳ ಕಡಿಮೆ. ಆದರೂ ಡಯಾಲಿಸಿಸ್‌ನಲ್ಲಿರುವವರಿಗೆ, ಗರ್ಭಿಣಿಯರಿಗೆ ಚುಚ್ಚದೆ ಆಗುವುದಾದರೆ ಒಳ್ಳೆಯದಲ್ಲವೇ?

ಆಗುತ್ತದೆ. ನಮ್ಮ ಪ್ರಯೋಗಾಲಯದ ಆಯಸ್ಕಾಂತದ ದೊಡ್ಡಣ್ಣನೇ ಎಂಆರ್‌ಐ. ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನಿಂದ ಅದು ಸಂಕೇತ ಪಡೆಯುತ್ತದೆ. ಕತ್ತಿನ ಒಂದು ತೆಳು ಪದರಕ್ಕೆ ಬೆನ್ನುಬೆನ್ನಿಗೆ ರೇಡಿಯೋ ಅಲೆ ಕೊಟ್ಟರೆ, ಅಲುಗದೆ ಅಲ್ಲೇ ಇರುವ ಮಾಂಸದ ಸಂಕೇತ ದಣಿದು ಮಂಕಾಗುತ್ತದೆ. ಎದೆಯಿಂದ ಆಗಷ್ಟೇ ಏರಿ ಬಂದ ರಕ್ತಕ್ಕೆ ಆ ದಣಿವಿಲ್ಲ. ಅದು ಬೆಳ್ಳಗೆ ಹೊಳೆಯುತ್ತದೆ. ತಲೆಯಿಂದ ಇಳಿಯುವ ಸಿರೆಯ ರಕ್ತವನ್ನು ಪದರಕ್ಕೆ ಬರುವ ಮೊದಲೇ, ಮೇಲುಗಡೆಯೇ ದಣಿಸಿಬಿಡುತ್ತಾರೆ. ಉಳಿಯುವುದು ಧಮನಿಯ ಚಿತ್ರ. ಈ ವಿಧಾನಕ್ಕೆ 'ಟೈಮ್ ಆಫ್ ಫ್ಲೈಟ್' ಎಂದು ಹೆಸರು.

ಆದರೆ ಒಂದು ಮಾತು ನೆನಪಿರಲಿ. ಇಲ್ಲಿ ಕಾಣುವುದು ನಾಳದ ಗೋಡೆಯಲ್ಲ, ರಕ್ತದ ಹರಿವು. ಕಿರಿದಾದ ಕಡೆ ರಕ್ತ ಸುಳಿಗಟ್ಟಿದರೆ, ನಿಧಾನವಾದರೆ, ಆ ಜಾಗ ಕಪ್ಪಾಗಿ ಅಡ್ಡಿ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ರೋಗಿ ಎಂಜಲು ನುಂಗಿದರೂ ಚಿತ್ರ ಮಸುಕಾಗಬಹುದು. ಹಾಗಾಗಿ ಇದೊಂದನ್ನೇ ನೋಡಿ ಆಪರೇಷನ್ನಿಗೆ ಹೊರಡುವಂತಿಲ್ಲ. ಡಾಪ್ಲರ್ ಅಥವಾ ಇನ್ನೊಂದು ಸ್ಕ್ಯಾನಿನ ಜೊತೆ ತಾಳೆ ನೋಡಬೇಕು.

ಮನೆಯಲ್ಲಿ ಯಾರಿಗಾದರೂ ಕಿಡ್ನಿ ತೊಂದರೆಯಿದ್ದರೆ ಸ್ಕ್ಯಾನಿಗೆ ಮೊದಲೇ ವೈದ್ಯರಿಗೆ ಹೇಳಿ. ಚುಚ್ಚದೆ ನೋಡುವ ದಾರಿ ಉಂಟೇ ಎಂದು ಕೇಳಲು ಸಂಕೋಚ ಬೇಡ.

ಮಕ್ಕಳೇ, ಅಜ್ಜ ಅಜ್ಜಿಗೆ ಇನ್ನೊಂದು ಮಾತು ಹೇಳಿ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಹತ್ತು ನಿಮಿಷದಲ್ಲಿ ಸರಿಹೋಯಿತೆಂದು ಸುಮ್ಮನಾಗಬಾರದು. ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ ಮಾತ್ರ. ಎಂಥ ಯಂತ್ರವಿದ್ದರೂ ಸಮಯಕ್ಕೆ ಬಂದವರಿಗಷ್ಟೇ ಅದರ ಪೂರ್ತಿ ಉಪಯೋಗ.