ಹಾಳು ಗುಡಿಗಳಲ್ಲಿ ಶರಣರಿಗೇನು ಕೆಲಸ?

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಕಳೆದ ತಿಂಗಳು ನಮ್ಮ ಬಳಗದ 42 ಮಂದಿ ಒಂದು ಬಸ್ಸು ಮಾಡಿಕೊಂಡು ರಾಜಘಟ್ಟ, ಮಣ್ಣೆ, ಶಿವಗಂಗೆ, ಕಲ್ಯ ಈ ನಾಲ್ಕು ಊರುಗಳನ್ನು ನೋಡಿ ಬಂದೆವು. ಅದರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ಪ್ರವಾಸದ ಪಟ್ಟಿ ಓದಿದ ದಿನವೇ ನಮ್ಮ ಯುವಕರ ಬಳಗದ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ಶರಣರು ಇಷ್ಟಲಿಂಗವನ್ನು ಅಂಗೈಗೆ ಕೊಟ್ಟು ನಮ್ಮನ್ನು ಗುಡಿಯ ಹಂಗಿನಿಂದ ಬಿಡಿಸಿದರು. ಕೂಡಲಸಂಗಮ, ಬಸವಕಲ್ಯಾಣ ಬಿಟ್ಟು ನಾವೇಕೆ ಬಿದ್ದುಹೋದ ಗುಡಿ ಹುಡುಕಿಕೊಂಡು ಹೋಗಬೇಕು?" ಪ್ರಶ್ನೆ ಸರಿಯಾಗಿದೆ. ಇವತ್ತಿನ ನನ್ನ ಮಾತೆಲ್ಲ ಅದಕ್ಕೆ ಉತ್ತರ.

ನಮ್ಮ ಜೊತೆಗೆ ಮಾರ್ಗದರ್ಶಕರಾಗಿ ಬಂದವರು ನಿವೃತ್ತ ಇತಿಹಾಸ ಉಪನ್ಯಾಸಕರು. ಬಸ್ಸು ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ಅವರು ಎದ್ದು ನಿಂತು ಒಂದು ಕರಾರು ಹಾಕಿದರು. "ಇವತ್ತು ನಾನು ಹೇಳುವುದರಲ್ಲಿ ಎರಡು ಬಗೆಯಿದೆ. ಒಂದು ಶಾಸನ ಹೇಳಿದ್ದು, ಇನ್ನೊಂದು ಊರು ಹೇಳಿದ್ದು. ಎರಡಕ್ಕೂ ಬೆಲೆಯಿದೆ. ಆದರೆ ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ." ದಿನವಿಡೀ ಅವರು ಆ ಕರಾರಿಗೆ ತಪ್ಪಲಿಲ್ಲ. ಶಿವಗಂಗೆಯಲ್ಲಿ ಗಂಗಾಧರೇಶ್ವರನಿಗೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ಮಾತು ಬಂದಾಗ ಅವರು ಅರ್ಚಕರೊಡನೆ ವಾದಕ್ಕೆ ಇಳಿಯಲಿಲ್ಲ, ತಲೆಯನ್ನೂ ಆಡಿಸಲಿಲ್ಲ. "ಇದು ಊರು ಹೇಳಿದ್ದು" ಎಂದು ನಮ್ಮ ಕಡೆ ತಿರುಗಿ ಹೇಳಿ ಮುಂದೆ ನಡೆದರು. ವಿಚಾರವಂತರು ನಡೆದುಕೊಳ್ಳಬೇಕಾದ ರೀತಿ ಇದು ಅನ್ನಿಸಿತು.

ಮೊದಲು ರಾಜಘಟ್ಟ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿ. ನಮ್ಮ ಪೈಕಿ ಅನೇಕರು ಬಸ್ಸಿಳಿದು "ಗುಡಿ ಎಲ್ಲಿ?" ಎಂದು ಸುತ್ತ ನೋಡಿದರು. ಕೈಮುಗಿಯಲು ಅಲ್ಲಿ ಗುಡಿಯೂ ಇಲ್ಲ, ಗೋಪುರವೂ ಇಲ್ಲ. 2001ರಲ್ಲಿ, ಮತ್ತೆ 2004ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಇಲ್ಲಿ ಉತ್ಖನನ ನಡೆಯಿತು. ನೆಲದಡಿಯಲ್ಲಿ ಸಿಕ್ಕಿದ್ದು ಗಂಗರ ಕಾಲದ ಬೌದ್ಧ ನೆಲೆ: ಇಟ್ಟಿಗೆಯಲ್ಲಿ ಕಟ್ಟಿದ ಚೈತ್ಯ, ಭಿಕ್ಷುಗಳು ವಾಸವಿದ್ದ ವಿಹಾರ, ಭಕ್ತರು ಹರಕೆಯಾಗಿ ಒಪ್ಪಿಸಿದ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು. ಬೆಂಗಳೂರಿನ ಮಗ್ಗುಲಲ್ಲೇ ಬುದ್ಧನ ಸಂಘವೊಂದು ಬಾಳಿತ್ತು ಎಂಬುದನ್ನು ನಮ್ಮ ಸೀಮೆ ಮರೆತೇಬಿಟ್ಟಿತ್ತು. ಆ ಸ್ತೂಪವನ್ನು ಅಂಗೈಯಲ್ಲಿಟ್ಟು ತಂದವನೂ ನಮ್ಮ ಹಾಗೆ ಎಲ್ಲಿಂದಲೋ ನಡೆದು ಬಂದ ಭಕ್ತನೇ ಇರಬೇಕಲ್ಲವೇ? ಅವನ ನೆನಪನ್ನು ಮರಳಿ ಕೊಟ್ಟದ್ದು ಪೂಜೆಯಲ್ಲ, ಗುದ್ದಲಿ ಮತ್ತು ತಾಳ್ಮೆ.

ಅಲ್ಲಿಂದ ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಬಂದೆವು. ತ್ಯಾಮಗೊಂಡ್ಲು ಕಡೆಯವರಿಗೆ ಇದು ನಿತ್ಯ ಓಡಾಡುವ ದಾರಿ. ಇದೇ ಮಾನ್ಯಪುರ. 8ನೆಯ ಶತಮಾನದಲ್ಲಿ ಗಂಗ ದೊರೆ ಶ್ರೀಪುರುಷ ಬೀಡುಬಿಟ್ಟು ಆಳಿದ ಪಟ್ಟಣ. ಗಂಗರ ಕಾಲದ ಕಪಿಲೇಶ್ವರ ದೇವಾಲಯದ ಬಾಗಿಲವಾಡದ ಮುಂದೆ ನಿಂತರೆ ಆ ಕಲ್ಲುಕುಟಿಗನ ಕೈಗೆ ಶರಣೆನ್ನಬೇಕು ಅನ್ನಿಸುತ್ತದೆ. ಕಾಯಕ ಎಂಬ ಮಾತಿಗೆ ಆ ಕೆತ್ತನೆಗಿಂತ ಬೇರೆ ವ್ಯಾಖ್ಯಾನ ಬೇಡ.

ಮಣ್ಣೆಯಲ್ಲಿ ಸಿಕ್ಕ ತಾಮ್ರಶಾಸನಗಳ ಕತೆ ಇನ್ನೂ ದೊಡ್ಡದು. 797ರ ಶಾಸನದ ಪ್ರಕಾರ ಗಂಗ ಮಾರಸಿಂಹನ ದಂಡನಾಯಕ ಶ್ರೀವಿಜಯ ಎಂಬವನು ಮಾನ್ಯಪುರದಲ್ಲಿ ಜೈನ ಬಸದಿ ಕಟ್ಟಿಸಿದ. 802ರ ಇನ್ನೊಂದು ಶಾಸನ ರಾಷ್ಟ್ರಕೂಟರ ಆಳ್ವಿಕೆಯದು. ಅದೂ ಆ ಬಸದಿಗೆ ಬಿಟ್ಟ ದತ್ತಿಯನ್ನೇ ಹೇಳುತ್ತದೆ. ಐದು ವರ್ಷದಲ್ಲಿ ಅಧಿಕಾರ ಕೈ ಬದಲಾಯಿಸಿತು, ದತ್ತಿ ನಿಲ್ಲಲಿಲ್ಲ. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟ ತಂದರು. ಹಾಗೆ ಯಾರೋ ಓದಿ ಅಚ್ಚು ಹಾಕಿಸಿದ್ದರಿಂದ ಶ್ರೀವಿಜಯನ ಬಸದಿ ಇಂದಿಗೂ ನಮ್ಮ ಬಾಯಲ್ಲಿದೆ. ಕರಗಿಸುವವನ ಕೈಗೆ ಆ ತಾಮ್ರ ಹೋಗಿದ್ದರೆ ಇಂದು ಅದು ಯಾರದೋ ಮನೆಯ ಹಂಡೆಯಾಗಿರುತ್ತಿತ್ತು.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಫ. ಗು. ಹಳಕಟ್ಟಿಯವರನ್ನು ನಾವು ವಚನ ಪಿತಾಮಹ ಎನ್ನುತ್ತೇವೆ. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಗುವ ಮುಂಚೆ ವಚನದ ತಾಡೋಲೆ ಕಟ್ಟುಗಳು ಎಲ್ಲಿದ್ದವು? ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಮೇಲಿದ್ದವು. ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಆ ಗಂಟು ಬಿಚ್ಚಿಸಿದರು. ಅದಕ್ಕಾಗಿ ವಕೀಲಿಯ ಗಳಿಕೆಯನ್ನೂ ಮನೆಯ ನೆಮ್ಮದಿಯನ್ನೂ ಸುರಿದರು. ಪೂಜೆಯೊಂದರಿಂದಲೇ ವಚನಗಳು ಉಳಿಯುವುದಾಗಿದ್ದರೆ ಅವರು ಅಷ್ಟು ಬವಣೆ ಪಡಬೇಕಾಗಿರಲಿಲ್ಲ.

ನಮ್ಮ ಊರುಗಳ ಶಾಸನ ಕಲ್ಲೂ ಅಂಥದೇ ಬಿಚ್ಚದ ಗಂಟು. ಎಣ್ಣೆ, ಕುಂಕುಮ ಬಳಿದು ಕೈಮುಗಿಯುತ್ತೇವೆ, ಇಲ್ಲವೇ ಬಟ್ಟೆ ಒಗೆಯುವ ಬಂಡೆ ಮಾಡಿಕೊಳ್ಳುತ್ತೇವೆ. ಎರಡರಲ್ಲೂ ಅಕ್ಷರ ಕಣ್ಮರೆಯಾಗುತ್ತದೆ. ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲನ್ನು ಯಾರೋ ಓದಿದ್ದರಿಂದ ತಾನೇ ಬೆಂಗಳೂರು ಎಂಬ ಹೆಸರು 9ನೆಯ ಶತಮಾನದಷ್ಟು ಹಳೆಯದೆಂದು ಗೊತ್ತಾದದ್ದು? ಹಾಳು ಗುಡಿಗೆ ನಾವು ಪೂಜೆಗಾಗಿ ಹೋಗುವುದಿಲ್ಲ, ಓದುವುದಕ್ಕೆ ಹೋಗುತ್ತೇವೆ. ಸ್ಥಾವರವನ್ನು ಪೂಜಿಸದವನು ಸ್ಥಾವರವನ್ನು ಹಾಳುಗೆಡವಬೇಕೆಂದು ಶರಣರು ಎಲ್ಲೂ ಹೇಳಿಲ್ಲ.

ಹಾಳಾಗುವುದು ಹೇಗೆ ಎಂಬುದು ನನ್ನ ಕಸುಬಿಗೆ ಸೇರಿದ ವಿಷಯ. 30 ವರ್ಷಕ್ಕೂ ಹೆಚ್ಚು ಸರ್ಕಾರದ ಕಟ್ಟಡ, ಕಾಲುವೆ ನೋಡಿಕೊಂಡವನು ನಾನು. ಹಳೆಯ ಕಲ್ಲುಗುಡಿಯ ಗೋಡೆಯಲ್ಲಿ ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ಕೂತಿರುತ್ತದೆ. ಅದರ ಮೊದಲ ಶತ್ರು ಮಾಳಿಗೆಯ ನೀರು. ಚಪ್ಪಡಿಯ ಮೇಲಿನ ಸುಣ್ಣದ ಗಾರೆ ಬಿರುಕು ಬಿಟ್ಟರೆ ನೀರು ಸಂದಿಗೆ ಇಳಿಯುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಆ ತೇವದಲ್ಲಿ ಮೊಳೆಯುತ್ತದೆ. ಬೆರಳುದ್ದದ ಸಸಿಯಾಗಿದ್ದಾಗ ಕಿತ್ತರೆ ಅರ್ಧ ನಿಮಿಷದ ಕೆಲಸ. 20 ವರ್ಷ ಬಿಟ್ಟರೆ ಬೇರು ಬೆಣೆಯಾಗಿ ತೊಲೆಯನ್ನೇ ಸರಿಸುತ್ತದೆ. ಆಗ ಮರ ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಎರಡನೆಯ ಶತ್ರು ನಿಧಿಗಳ್ಳ. ಪೀಠದ ಕೆಳಗೆ ಅವನು ತೋಡಿದ ಗುಂಡಿಯಿಂದ ಅಡಿಪಾಯ ಕುಸಿಯುತ್ತದೆ.

ಮೂರನೆಯ ಶತ್ರು ಜೀರ್ಣೋದ್ಧಾರದ ಹೆಸರಿನಲ್ಲಿ ಬರುತ್ತದೆ, ಭಕ್ತಿಯಿಂದಲೇ ಬರುತ್ತದೆ. ಕಲ್ಲು ಹೊಳೆಯಲಿ ಎಂದು ಯಂತ್ರದಿಂದ ಮರಳು ಹೊಡೆಸುತ್ತಾರೆ. ಕೆತ್ತನೆಯ ಮೂಗು, ಶಾಸನದ ಅಕ್ಷರ ಎರಡೂ ಸವೆಯುತ್ತವೆ. ಸಂದಿಗಳಿಗೆ ಸಿಮೆಂಟು ಮೆತ್ತುತ್ತಾರೆ. ಒಳಗಿನ ತೇವ ಹೊರಬರಲಾಗದೆ ಉಪ್ಪು ಕಟ್ಟಿ ಕಲ್ಲಿನ ಮೈ ಪದರ ಪದರವಾಗಿ ಏಳುತ್ತದೆ. ಮೇಲೆ ಎನಾಮೆಲ್ ಬಣ್ಣ, ಕೆಳಗೆ ಟೈಲ್ಸು. ಹಣ ಖರ್ಚಾಗುತ್ತದೆ, ಗುಡಿಯ ವಯಸ್ಸು ಅಳಿಸಿಹೋಗುತ್ತದೆ.

ನಮ್ಮ ಕೊನೆಯ ಊರು ಮಾಗಡಿ ತಾಲ್ಲೂಕಿನ ಕಲ್ಯ. 2007ರವರೆಗೆ ಮಾಗಡಿ ನಮ್ಮ ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥ ಇಲ್ಲಿ ಐಕ್ಯನಾದನೆಂದು ಹೇಳುತ್ತಾರೆ. ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು 1369ರಲ್ಲಿ. ಅದಕ್ಕೆ ಒಂದೇ ವರ್ಷ ಮುಂಚೆ, 1368ರಲ್ಲಿ, ವಿಜಯನಗರದ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ನಡುವಿನ ವ್ಯಾಜ್ಯ ತೀರಿಸಿ ಬರೆಸಿದ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದಲ್ಲಿ. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ ಸಂಗತಿ ನಿಮಗೆಲ್ಲ ಗೊತ್ತಿರಬಹುದು.

ಎಂಜಿನಿಯರಾದ ನನ್ನ ಕಣ್ಣು ನಿಂತದ್ದು ಬೆಳಗೊಳದ ಪ್ರತಿಯ ಮುಂದಿನ ಸಾಲುಗಳಲ್ಲಿ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣ ಎತ್ತಬೇಕು. ಎತ್ತುವ ಹೊಣೆ ವೈಷ್ಣವರ ಕಡೆಯ ತಿರುಮಲೆಯ ತಾತಯ್ಯನದು. ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣದ ಕೆಲಸ ಮಾಡಿಸಬೇಕು. ನೋಡಿ, ಸೌಹಾರ್ದದ ಮಾತು ಆಡಿ ಅರಸ ಎದ್ದು ಹೋಗಲಿಲ್ಲ. ಕಾವಲಿಗೆ, ನಿರ್ವಹಣೆಗೆ ವರ್ಷ ವರ್ಷವೂ ಬರುವ ಹಣದ ದಾರಿ ಮಾಡಿ, ಯಾರು ವಸೂಲು ಮಾಡಬೇಕೆಂದೂ ಬರೆಸಿದ. ನಮ್ಮಲ್ಲಿ ಹೊಸ ಕಮಾನಿಗೆ, ಹೊಸ ಸಮುದಾಯ ಭವನಕ್ಕೆ ದಾನಿಗಳು ಸಿಗುತ್ತಾರೆ, ಹೆಸರು ಕೆತ್ತಿಸಬಹುದಲ್ಲ! ಮಾಳಿಗೆಯ ಸಸಿ ಕೀಳುವವನ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೆ ಗುಡಿ ನಿಂತಿರುವುದು ಅವನಿಂದ.

ಈಗ ಒಂದು ಸೂಕ್ಷ್ಮ ವಿಷಯ. ನಮ್ಮ ಸುತ್ತಲಿನ ಒಂದು ಹಳ್ಳಿಯ ಹಿರಿಯರು ನನ್ನ ಬಳಿ ಬಂದಿದ್ದಾರೆ. ಊರಿನ ಹಳೆಯ ವೀರಭದ್ರನ ಗುಡಿ ಸೋರುತ್ತಿದೆ, ಕೆಡವಿ ಆರ್‌ಸಿಸಿ ಗುಡಿ ಕಟ್ಟುತ್ತೇವೆ, ನಕ್ಷೆ ಹಾಕಿಕೊಡಿ ಎಂದು ಕೇಳಿದ್ದಾರೆ. ಅವರು ಇಂದು ಈ ಸಭೆಯಲ್ಲಿದ್ದಾರೆ. ಅವರ ಭಕ್ತಿ ದೊಡ್ಡದು. ಆಗಲೇ ಚಂದಾ ಎತ್ತಿದ್ದಾರೆ. ನಾನು ಹೋಗಿ ನೋಡಿದೆ. ಗೋಡೆ ಗಟ್ಟಿಯಾಗಿದೆ, ಕಂಬ ನೆಟ್ಟಗಿವೆ. ಕೆಟ್ಟಿರುವುದು ಮಾಳಿಗೆಯ ಗಾರೆ ಒಂದೇ. ಬಾಗಿಲ ಮುಂದೆ ಮೆಟ್ಟಿಲಾಗಿ ಬಿದ್ದಿರುವ ಚಪ್ಪಡಿಯಲ್ಲಿ ಅಕ್ಷರಗಳಿವೆ. ಅದರ ಮೇಲೆ ಕಾಲಿಟ್ಟೇ ಎಲ್ಲರೂ ಒಳಗೆ ಹೋಗುತ್ತಾರೆ.

ಆ ಹಿರಿಯರಿಗೆ ನನ್ನ ಉತ್ತರವನ್ನು ಪೂಜ್ಯರ ಸಮ್ಮುಖದಲ್ಲೇ ಹೇಳುತ್ತೇನೆ. ಯಜಮಾನರೇ, ಕೆಡವುವ ನಕ್ಷೆಯನ್ನು ನಾನು ಹಾಕಿಕೊಡಲಾರೆ. ಸಾಮಾನ್ಯ ಆರ್‌ಸಿಸಿ ಕಟ್ಟಡಕ್ಕೆ ನಾವು ಹಿಡಿಯುವ ಆಯುಸ್ಸು 50 ವರ್ಷ. ನಿಮ್ಮ ಕಲ್ಲುಗುಡಿ ಅದಕ್ಕಿಂತ ಎಷ್ಟೋ ಪಟ್ಟು ಬಾಳಿದೆ, ಇನ್ನೂ ಬಾಳುತ್ತದೆ. ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಯನ್ನು ನಾನೇ ಹುಡುಕಿಕೊಡುತ್ತೇನೆ. ದುರಸ್ತಿಯ ಅಂದಾಜುಪಟ್ಟಿ, ಉಸ್ತುವಾರಿ ಎರಡನ್ನೂ ದಾಸೋಹವಾಗಿ ಮಾಡುತ್ತೇನೆ. ಒಂದು ರೂಪಾಯಿ ಬೇಡ. ಕೆಲಸ ಶುರುವಾಗುವ ಮೊದಲು ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯೋಣ. ಮೆಟ್ಟಿಲ ಕಲ್ಲನ್ನು ಯಾರೂ ಉಜ್ಜುವುದು ಬೇಡ, ಕೀಳುವುದೂ ಬೇಡ. ಬಲ್ಲವರು ಬಂದು ಓದಲಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಮ್ಮ ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಣ್ಣಿಗೆ ಕಾಣದ ಅಕ್ಷರವೂ ಅದರಲ್ಲಿ ಎದ್ದು ಬರುತ್ತದೆ. ಅವರಿಗೂ ತಿಳಿಸೋಣ. ಆ ಕಲ್ಲಿನಲ್ಲಿ ನಿಮ್ಮ ಊರಿನ ಹಳೆಯ ಹೆಸರಿರಬಹುದು, ಕೆರೆ ಕಟ್ಟಿಸಿದವನ ಹೆಸರಿರಬಹುದು. ಓದದೆ ಮಣ್ಣುಪಾಲು ಮಾಡಿದರೆ ಮೊಮ್ಮಕ್ಕಳಿಗೆ ಏನು ಹೇಳುತ್ತೀರಿ?

ಉಳಿದವರಿಗೂ ಒಂದು ಬಿನ್ನಹ. ಮುಂದಿನ ಪ್ರವಾಸಕ್ಕೆ ಹೋಗುವ ಮುಂಚೆ ಆ ಊರಿನ ಶಾಸನದಲ್ಲಿ ಏನಿದೆ ಎಂದು ಓದಿಕೊಂಡು ಹೊರಡೋಣ. ಅಲ್ಲಿ ಅಕ್ಷರದ ಮೇಲೆ ಸೀಮೆಸುಣ್ಣ, ಹಿಟ್ಟು ಬಳಿಯುವುದು ಬೇಡ. ಬೆಳಿಗ್ಗೆ ಇಲ್ಲವೇ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದರೆ ಅಕ್ಷರ ತಾನಾಗಿ ಕಾಣುತ್ತದೆ. ನಮ್ಮ ನಮ್ಮ ಊರಿನ ಗುಡಿಗೆ ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ನಾಲ್ಕು ಜನ ಪೊರಕೆ, ಕುಡುಗೋಲು ಹಿಡಿದು ಹೋದರೆ ಸಾಕು: ಮಾಳಿಗೆಯ ಎಳೆ ಸಸಿ ತೆಗೆಯುವುದು, ನೀರು ಹೋಗುವ ದೋಣಿ ಬಿಡಿಸುವುದು, ಗೋಡೆಯ ಬುಡದ ಮಣ್ಣು ಸರಿಸುವುದು. ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಒಪ್ಪಿಗೆ ಪಡೆದೇ ಮುಟ್ಟಬೇಕು. ಖರ್ಚಿಗೆ ಬುಕ್ಕರಾಯನ ಲೆಕ್ಕವೇ ಇರಲಿ, ವರ್ಷಕ್ಕೆ ಮನೆಗೊಂದು ಹಣ. ಇಂದಿನ ಲೆಕ್ಕದಲ್ಲಿ 100 ರೂಪಾಯಿ ಎಂದಿಟ್ಟುಕೊಳ್ಳಿ. ಬಸದಿಯೋ, ಈಶ್ವರನ ಗುಡಿಯೋ, ದರ್ಗಾವೋ ಎಂದು ಕೇಳುವುದು ಬೇಡ. ಊರಿನ ಹಳೆಯದು ಊರಿನದು.

ನನ್ನ ಪಾಲಿನ 100 ರೂಪಾಯಿಯನ್ನು ಮಠದ ಕಾರ್ಯದರ್ಶಿಗಳ ಕೈಗೆ ಈಗಲೇ ಕೊಡುತ್ತಿದ್ದೇನೆ. ವೀರಭದ್ರನ ಗುಡಿಯ ಹಿರಿಯರು ಸಭೆ ಮುಗಿದ ಮೇಲೆ ದಾಸೋಹಕ್ಕೆ ಕೂರುವ ಮುನ್ನ ನನ್ನನ್ನು ಕಾಣಬೇಕು. ಅಳತೆಯ ಪಟ್ಟಿಯನ್ನು ಚೀಲದಲ್ಲೇ ತಂದಿದ್ದೇನೆ.