ಕಡಿಮೆ ಒತ್ತಡದ ಬಾಯ್ಲರು: ನಡೆಸುವವರಿಗೆ ನಾಲ್ಕು ಮಾತು

(ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ವಾಚನಾಲಯದ ಸಭೆಗಳಲ್ಲಿ ಸಾಹಿತ್ಯ, ಸಂಗೀತಗಳ ಮಾತು ನಡೆಯುವುದು ವಾಡಿಕೆ. ಇಂದಿನ ವಿಷಯ ಬಾಯ್ಲರು ಎಂದು ಫಲಕದ ಮೇಲೆ ಓದಿ ಕೆಲವರು ನಕ್ಕಿರಲೂಬಹುದು. ಆದರೆ ಇಲ್ಲಿ ಕುಳಿತವರಲ್ಲಿ ಮುಂಬಯಿಯ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವವರಿದ್ದೀರಿ. ಆಸ್ಪತ್ರೆ, ಲಾಂಡ್ರಿಗಳಲ್ಲಿ ಇರುವವರಿದ್ದೀರಿ. ಆಫೀಸಿನಲ್ಲಿ ಕುಳಿತು ರಿಪೇರಿಯ ಬಿಲ್ಲು ಪಾಸು ಮಾಡುವ ಗುಮಾಸ್ತರೂ ಇದ್ದೀರಿ. ಇಡ್ಲಿ ಬೇಯಿಸುವ ಉಗಿ, ವಾರ್ಡಿಗೆ ಹೋಗುವ ಬಿಸಿನೀರು, ಬಟ್ಟೆಗೆ ಹಾಯಿಸುವ ಹಬೆ, ಇವೆಲ್ಲ ನಿಮ್ಮ ಕೈಯಿಂದಲೇ ಆಗಬೇಕಾದ ಕೆಲಸ. ಆದುದರಿಂದ ಇದು ನಿಮ್ಮದೇ ವಿಷಯ.

ನಮ್ಮ ಊರಿನ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ನೆನೆಯಿರಿ. ಎಷ್ಟು ಸೌದೆ ಒಟ್ಟಿದರೂ ಅದು ಸಿಡಿಯುವುದಿಲ್ಲ. ಏಕೆ? ಅದರ ಬಾಯಿ ತೆರೆದಿದೆ. ಎದ್ದ ಉಗಿ ತನ್ನಷ್ಟಕ್ಕೆ ಹೊರಗೆ ಹೋಗುತ್ತದೆ. ಬಾಯ್ಲರೆಂದರೆ ಬಾಯಿ ಮುಚ್ಚಿದ ಹಂಡೆ. ಹೋಗಲು ದಾರಿಯಿಲ್ಲದ ಉಗಿ ಪಾತ್ರೆಯ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ. ಆ ಒತ್ತಡವನ್ನು ಅಳತೆಯಲ್ಲಿಟ್ಟರೆ ಅದು ನಮ್ಮ ಆಳು. ಅಳತೆ ಮೀರಿದರೆ ನಮ್ಮ ಯಮ.

ನ್ಯೂಯಾರ್ಕ್, ಷಿಕಾಗೋಗಳಂಥ ಚಳಿಯ ನಗರಗಳಲ್ಲಿ ದೊಡ್ಡ ಕಟ್ಟಡಗಳ ನೆಲಮಾಳಿಗೆಯಲ್ಲಿ ಬಾಯ್ಲರು ಇಟ್ಟು, ಉಗಿಯನ್ನೋ ಬಿಸಿನೀರನ್ನೋ ಕೊಳವೆಯಲ್ಲಿ ಹರಿಸಿ ಕೋಣೆಗಳನ್ನು ಬೆಚ್ಚಗಿಡುತ್ತಾರೆ. ಅಲ್ಲಿ ಚದರ ಅಂಗುಲಕ್ಕೆ ೧೫ ಪೌಂಡು ಮೀರದ ಉಗಿಯ ಬಾಯ್ಲರಿಗೆ ಕಡಿಮೆ ಒತ್ತಡದ್ದು ಎಂದು ಹೆಸರು. ನಮ್ಮ ಲೆಕ್ಕದಲ್ಲಿ ಅದು ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ತುಸು ಹೆಚ್ಚು. ಮುಂಬಯಿಯಲ್ಲಿ ಮನೆ ಬೆಚ್ಚಗೆ ಮಾಡುವ ಅಗತ್ಯವಿಲ್ಲ. ಆದರೆ ಅದೇ ಜಾತಿಯ ಸಣ್ಣ ಬಾಯ್ಲರುಗಳು ನಮ್ಮ ಹೋಟೆಲುಗಳ ಹಿಂಭಾಗದಲ್ಲಿ ಬೆಳಗಿನ ಜಾವದಿಂದಲೇ ಉರಿಯುತ್ತಿರುತ್ತವೆ.

ಇನ್ನು ಕಾಯಿದೆಯ ಮಾತು. ೧೮೬೩ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರು ಸಿಡಿದು ಹಲವರು ಸತ್ತರು. ಮರುವರ್ಷ ಬಂಗಾಳದಲ್ಲಿ ಬಾಯ್ಲರು ತಪಾಸಣೆಯ ಶಾಸನ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತಾದರೂ, ಹಾಕಿದ್ದು ಒಳ್ಳೆಯದೇ ಆಯಿತು. ಅನಂತರ ದೇಶಕ್ಕೆಲ್ಲ ೧೯೨೩ರ ಕಾಯಿದೆ. ಅದರ ಸ್ಥಾನದಲ್ಲಿ ಈಗ ೨೦೨೫ರ ಬಾಯ್ಲರುಗಳ ಕಾಯಿದೆ. ಇದರ ಕೆಳಗೆ ಬರುವ ಬಾಯ್ಲರನ್ನು ನೋಂದಾಯಿಸಬೇಕು, ತಪಾಸಣೆ ಮಾಡಿಸಿ ಸರ್ಟಿಫಿಕೇಟು ಪಡೆಯಬೇಕು. ಆದರೆ ೨೫ ಲೀಟರಿಗಿಂತ ಚಿಕ್ಕ ಪಾತ್ರೆ, ಒಂದು ಕಿಲೋಗಿಂತ ಕಡಿಮೆ ಒತ್ತಡಕ್ಕೆಂದೇ ಮಾಡಿ ಅಷ್ಟರಲ್ಲೇ ನಡೆಸುವ ಪಾತ್ರೆ, ನೀರನ್ನು ೧೦೦ ಡಿಗ್ರಿಗಿಂತ ಕೆಳಗೇ ಕಾಯಿಸುವ ಪಾತ್ರೆ, ಈ ಮೂರನ್ನೂ ಕಾಯಿದೆ ಬಾಯ್ಲರೆಂದು ಎಣಿಸುವುದಿಲ್ಲ. ಪೇಟೆಯಲ್ಲಿ ಇಂಥವನ್ನು 'ನಾನ್-ಐ.ಬಿ.ಆರ್.' ಎಂದು ಮಾರುತ್ತಾರೆ.

ಇದರ ಅರ್ಥವನ್ನು ಚೆನ್ನಾಗಿ ಗಮನಿಸಿ. ಸರಕಾರದ ಇನ್ಸ್‌ಪೆಕ್ಟರು ಇವನ್ನು ನೋಡಲು ಬರುವುದಿಲ್ಲ ಎಂದಷ್ಟೇ ಅರ್ಥ. ಇವು ಸಿಡಿಯುವುದಿಲ್ಲ ಎಂದು ಅರ್ಥವಲ್ಲ. ಹಾಗಾದರೆ ಇವುಗಳ ಇನ್ಸ್‌ಪೆಕ್ಟರು ಯಾರು? ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬೆಂಕಿ ಹಚ್ಚುವವನೇ. ಇಂದು ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ.

ಒಂದು ಕಿಲೋ ಎಂದರೆ ಏನು ಮಹಾ ಎನ್ನಬೇಡಿ. ಅದು ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಒಂದೊಂದು ಕಿಲೋ. ೩೦ ಸೆಂಟಿಮೀಟರು ಅಗಲದ ದುಂಡು ಮುಚ್ಚಳದ ಮೇಲೆ ಲೆಕ್ಕ ಹಾಕಿದರೆ ಸುಮಾರು ೭೦೦ ಕಿಲೋ ಆಗುತ್ತದೆ: ಹನ್ನೊಂದು ಹನ್ನೆರಡು ಆಳುಗಳ ತೂಕ! ಅರ್ಧ ಕಿಲೋ ಒತ್ತಡದಲ್ಲೂ ಅದು ೩೫೦. ಮೇಲಾಗಿ, ಒಂದು ಕಿಲೋ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು ೧೨೦ ಡಿಗ್ರಿಯಲ್ಲಿ. ಪಾತ್ರೆ ಬಿರಿದರೆ ಆ ನೀರಿನಲ್ಲಿ ಒಂದು ಪಾಲು ಥಟ್ಟನೆ ಉಗಿಯಾಗುತ್ತದೆ. ಉಗಿಯಾದ ನೀರು ಮೊದಲಿನ ಸಾವಿರದ ಆರುನೂರು ಪಟ್ಟಿಗೂ ಮಿಕ್ಕ ಜಾಗ ಬೇಡುತ್ತದೆ. ಇಕ್ಕಟ್ಟಾದ ಅಡುಗೆಮನೆಯಲ್ಲಿ ಆ ಜಾಗ ಎಲ್ಲಿದೆ?

ಈಗ ನಾಲ್ಕು ಮಾತು.

ಮೊದಲನೆಯದು ನೀರು. ಕೆಲಸಕ್ಕೆ ಬಂದೊಡನೆ, ಬೆಂಕಿ ಹಚ್ಚುವ ಮೊದಲು, ಮಟ್ಟ ತೋರಿಸುವ ಗಾಜನ್ನು ನೋಡಿರಿ. ಗಾಜು ಸುಳ್ಳು ಹೇಳುವುದೂ ಉಂಟು. ದಿನಕ್ಕೊಮ್ಮೆ ಅದರ ಕೆಳಗಿನ ನಲ್ಲಿಯನ್ನು ಕ್ಷಣಹೊತ್ತು ತೆರೆದು ಮುಚ್ಚಿರಿ. ನೀರು ಕೂಡಲೇ ಹಿಂದಿನ ಮಟ್ಟಕ್ಕೆ ಏರಬೇಕು. ನಿಧಾನವಾಗಿ ಏರಿದರೆ ದಾರಿಯಲ್ಲಿ ಹೂಳು ಕಟ್ಟಿದೆ ಎಂದು ತಿಳಿಯಿರಿ. ಉರಿಯುತ್ತಿರುವಾಗ ಗಾಜಿನಲ್ಲಿ ನೀರೇ ಕಾಣದಿದ್ದರೆ ಬೆಂಕಿ ಆರಿಸಿರಿ. ಗಾಬರಿಯಿಂದ ತಣ್ಣೀರು ಬಿಡಬೇಡಿರಿ. ಕಾದ ದೋಸೆಕಾವಲಿಯ ಮೇಲೆ ನೀರು ಚಿಮುಕಿಸಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಯ್ಲರಿನೊಳಗೆ ಅದೇ ಆದರೆ ಒತ್ತಡ ಒಮ್ಮೆಲೇ ಏರುತ್ತದೆ, ಕಾದ ಲೋಹವೂ ಬಿರಿಯಬಹುದು. ತಾನಾಗಿ ತಣ್ಣಗಾಗುವವರೆಗೆ ದೂರವಿರಿ.

ಎರಡನೆಯದು ಸೇಫ್ಟಿ ವಾಲ್ವು. ಹಂಡೆಗೆ ಉಳಿದಿರುವ ಬಾಯಿ ಅದೊಂದೇ. ಅದು ತೊಟ್ಟಿಕ್ಕುತ್ತದೆಂದು ತಂತಿ ಬಿಗಿಯುವುದು, ಮೇಲೆ ಭಾರ ಹೇರುವುದು, ಬಿರಡೆ ಜಡಿಯುವುದು, ಇವು ಹಂಡೆಯ ಬಾಯಿ ಹೊಲಿದಂತೆ. ಕಾಯಿದೆಯ ಕೆಳಗಿನ ಬಾಯ್ಲರಿನಲ್ಲಿ ವಾಲ್ವನ್ನು ಹೀಗೆ ಕೆಡಿಸುವುದು ಅಪರಾಧ. ಕಾಯಿದೆಯ ಹೊರಗಿನದರಲ್ಲಿ ಅಪಾಯ ಅಷ್ಟೇ ಇದೆ. ತಯಾರಕರು ಹೇಳಿದ ಕ್ರಮದಲ್ಲಿ, ಪಕ್ಕಕ್ಕೆ ನಿಂತು, ಅದರ ಹಿಡಿ ಎತ್ತಿ ಆಗಾಗ ಪರೀಕ್ಷಿಸಿರಿ. ಎತ್ತಿದರೆ ಏಳದ, ಬಿಟ್ಟರೆ ಕೂರದ ವಾಲ್ವನ್ನು ಬದಲಾಯಿಸಲೇಬೇಕು.

ಮೂರನೆಯದು ಒತ್ತಡದ ಗೇಜು. ತಣ್ಣಗಿದ್ದಾಗ ಅದರ ಮುಳ್ಳು ಸೊನ್ನೆಗೆ ಬರಬೇಕು. ಬಾರದಿದ್ದರೆ ಅದು ಕೆಟ್ಟ ಗಡಿಯಾರ, ನಂಬಬೇಡಿರಿ. ಮುಳ್ಳು ಸೊನ್ನೆಗೆ ಬಂದು, ಉಗಿ ಬಿಡುವ ನಲ್ಲಿಯನ್ನೂ ತೆರೆದಿಟ್ಟ ಹೊರತು ಮುಚ್ಚಳದ ಬೋಲ್ಟಿಗೆ ಪಾನ ಹಾಕಬೇಡಿರಿ.

ನಾಲ್ಕನೆಯದು ಬೆಂಕಿ ಮತ್ತು ಗಾಳಿ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ತಂಗುತ್ತದೆ. ಆರಿಹೋದ ಬರ್ನರನ್ನು ಒಡನೆ ಹಚ್ಚದೆ, ಅನಿಲ ನಿಲ್ಲಿಸಿ, ಬಾಗಿಲು ತೆರೆದು, ಗಾಳಿ ಆಡಿದ ಮೇಲೆ ಹಚ್ಚಿರಿ. ಗಾಳಿ ಸಾಲದ ಕೋಣೆಯಲ್ಲಿ ಬೆಂಕಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಯ್ಲರು ಕೋಣೆಯಲ್ಲಿ ಯಾರೂ ಹಾಸಿಗೆ ಹಾಸಬಾರದು. ಈ ನಗರದಲ್ಲಿ ಮಲಗಲು ಜಾಗ ಸಿಗುವುದು ಎಷ್ಟು ಕಷ್ಟವೆಂದು ಬಲ್ಲೆ, ಆದರೂ ಹೇಳುತ್ತಿದ್ದೇನೆ.

ನೀರು ಗಡುಸಾಗಿದ್ದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಆಗ ಶಾಖ ನೀರಿಗೆ ಇಳಿಯದೆ ಲೋಹದಲ್ಲೇ ನಿಂತು ಅದನ್ನು ಸುಡುತ್ತದೆ. ಅನಿಲದ ಖರ್ಚೂ ಹೆಚ್ಚು. ತಳದ ಹೂಳನ್ನು ಕ್ರಮವಾಗಿ ಹೊರಬಿಡಿರಿ. ಪಾಳಿ ಬದಲಾಗುವಾಗ ನೀರು, ಗೇಜು, ವಾಲ್ವುಗಳ ಸ್ಥಿತಿಯನ್ನು ಒಂದು ಪುಸ್ತಕದಲ್ಲಿ ಬರೆದು, ಮುಂದಿನವನಿಗೆ ಬಾಯಲ್ಲಿಯೂ ಹೇಳಿರಿ. ಉಗಿ ತಾಗಿ ಸುಟ್ಟರೆ ಶಾಯಿ, ಬೆಣ್ಣೆ, ಟೂತ್‌ಪೇಸ್ಟ್ ಬಳಿಯದೆ, ಹರಿಯುವ ತಂಪು ನೀರನ್ನು ೨೦ ನಿಮಿಷ ಬಿಟ್ಟು, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಗುಮಾಸ್ತ ಬಂಧುಗಳಿಗೂ ಒಂದು ಮಾತು. 'ವಾಲ್ವು ಕೆಟ್ಟಿದೆ' ಎಂಬ ಚೀಟಿ ನಿಮ್ಮ ಮೇಜಿಗೆ ಬಂದರೆ ಅದನ್ನು ಬರುವ ತಿಂಗಳ ಬಿಲ್ಲುಗಳ ಕಟ್ಟಿಗೆ ಸೇರಿಸಬೇಡಿರಿ. ಅದು ಖರ್ಚಿನ ಚೀಟಿಯಲ್ಲ. ಹಿಂದಿನ ಕೋಣೆಯಲ್ಲಿ ನಿಂತಿರುವ ಒಬ್ಬ ಹುಡುಗನ ಜೀವದ ಚೀಟಿ. ಹೋಟೆಲು ನಡೆಸುವ ಹಿರಿಯರಲ್ಲಿಯೂ ವಿನಂತಿ: ಗಿರಾಕಿ ಕಾಯುತ್ತಿದ್ದಾಗ ಹುಡುಗ ಬಂದು, "ಅಣ್ಣಾ, ನೀರು ಕಾಣುತ್ತಿಲ್ಲ, ಬೆಂಕಿ ಆರಿಸಿದೆ" ಎಂದರೆ ಅವನನ್ನು ಗದರಬೇಡಿರಿ. ಒಮ್ಮೆ ಗದರಿದರೆ ಮತ್ತೊಂದು ಸಲ ಅವನು ಆರಿಸುವುದಿಲ್ಲ.

ಹುಡುಗರೆ, ನೀವೂ ಕೇಳಿರಿ. ಇಡ್ಲಿ ಅರ್ಧ ಗಂಟೆ ತಡವಾದರೆ ಗಿರಾಕಿ ಗೊಣಗಿಯಾನು, ನಾಳೆ ಮತ್ತೆ ಬಂದಾನು. ಸಂದೇಹ ಬಂದಾಗ ಬೆಂಕಿ ಆರಿಸಿರಿ. ಹಾಗೆ ಮಾಡಲು ಯಾರ ಅಪ್ಪಣೆಯನ್ನೂ ಕಾಯಬೇಡಿರಿ.