ಹೆತ್ತವರನ್ನು ಆಸ್ಪತ್ರೆಯಿಂದ ಕರೆತರುವ ಮುನ್ನ

(ಇಟಗಿ ಮಸೀದಿಯ ಜುಮಾ ಪ್ರವಚನದ ಸಾರ)



ವೃದ್ಧ ತಂದೆತಾಯಿಗೆ ‘ಛೇ’ ಎಂದೂ ಅನ್ನಬಾರದೆಂದು ಪವಿತ್ರ ಕುರ್‌ಆನ್ (17:23) ನಮಗೆ ಕಲಿಸಿದೆ. ಆದರೆ ಅವರನ್ನು ಕೊಪ್ಪಳದ ಆಸ್ಪತ್ರೆಗೆ ಸೇರಿಸಿದಾಗ ನಾವು ಕೇಳುವುದು ಇಷ್ಟೇ: “ಜ್ವರ ಇಳಿತೇನ್ರಿ? ಮನಿಗೆ ಯಾವಾಗ ಬಿಡ್ತೀರಿ?”

ಕೆಲವೇ ದಿನ ಹಾಸಿಗೆ ಹಿಡಿದರೂ ಮುಪ್ಪಿನ ಕಾಲು ಸೋಲುತ್ತದೆ. ಮೊದಲು ಅವರು ತಾವಾಗಿಯೇ ಏಳುತ್ತಿದ್ದರೇ, ಪಾಯಖಾನೆಗೆ ಹೋಗುತ್ತಿದ್ದರೇ, ನಿಂತು ನಮಾಝ್ ಮಾಡುತ್ತಿದ್ದರೇ ಎಂಬುದು ವೈದ್ಯರಿಗಿಂತ ನಮಗೇ ಚೆನ್ನಾಗಿ ಗೊತ್ತು. ಅದನ್ನು ಮೊದಲ ದಿನವೇ ಅವರಿಗೆ ತಿಳಿಸೋಣ. ಈಗ ಎಷ್ಟು ಸಾಧ್ಯ, ಯಾವ ವ್ಯಾಯಾಮ ಬೇಕು, ವಾಕರ್ ಬೇಕೇ ಎಂದು ಫಿಸಿಯೋಥೆರಪಿಸ್ಟರಿಂದ ಪರೀಕ್ಷೆ ಮಾಡಿಸಿಯೇ ಮನೆಗೆ ಕರೆತರೋಣ.

ಮಲಗಿದಲ್ಲೇ ಉಣಿಸುವುದಷ್ಟೇ ಸೇವೆಯಲ್ಲ. ವೈದ್ಯರು ಹೇಳಿದಂತೆ ಕೈಹಿಡಿದು ನಾಲ್ಕು ಹೆಜ್ಜೆ ನಡೆಸುವುದೂ ಸೇವೆಯೇ. ನಮ್ಮ ಹಿರಿಯರಿಗೆ ಮತ್ತೆ ನಿಂತು ನಮಾಝ್ ಮಾಡುವ ಶಕ್ತಿಯನ್ನು ಅಲ್ಲಾಹನು ಕರುಣಿಸಲಿ. ಆಮೀನ್.